ಕೊಳೆತ ಮೊಟ್ಟೆಯ ಕಾವಲು

"ಮಾವ, ನೀವೂ ಅತ್ತೆಯೂ ಸ್ವಲ್ಪ ಹೊತ್ತು ಒಳಗಿರಿ, ಕಿಟಕಿ ಹಾಕಿಬಿಡಿ" ಎನ್ನುತ್ತ ಅಳಿಯ ಗ್ಯಾರೇಜಿನಿಂದ ಒಂದು ಬಿಳಿ ಕ್ಯಾನನ್ನೂ ಕೈಪಂಪನ್ನೂ ಹೊರಗೆ ತಂದ. ಅಡಿಕೆಗೆ ಬೋರ್ಡೋ ಹೊಡೆಯುವಾಗ ಮರದ ಬುಡದಲ್ಲೇ ನಿಂತು ತುಂತುರಿಗೆ ಮುಖ ಒಡ್ಡಿ ಬೆಳೆದವನು ನಾನು. ಇದ್ಯಾವ ಮಹಾ ಔಷಧಿ ಎಂದು ಹೊರಗೇ ಉಳಿದೆ. ಕ್ಯಾನಿನ ಮುಚ್ಚಳ ತಿರುಗಿಸಿದ್ದೇ ತಡ, ಐವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಕೋಳಿ ನಮ್ಮ ಹುಲ್ಲುಗೊಣಬೆಯ ಸಂದಿಯಲ್ಲಿ ಕದ್ದಿಟ್ಟು ಮರೆತಿದ್ದ ಮೊಟ್ಟೆಗಳ ಮೇಲೆ ಕಾಲಿಟ್ಟಿದ್ದೆ ಆವತ್ತು. ಅಮ್ಮ ನನ್ನನ್ನು ಒಳಗೆ ಸೇರಿಸದೆ ಬಾವಿಕಟ್ಟೆಯಲ್ಲೇ ನಿಲ್ಲಿಸಿ ಮೂರು ಕೊಡ ನೀರು ಹುಯ್ದಿದ್ದಳು.

"ಇದೇನಪ್ಪ?" ಎಂದೆ ಮೂಗು ಮುಚ್ಚಿಕೊಂಡು.

"ಕೊಳೆತ ಮೊಟ್ಟೆಯೇ ಮಾವ. ಜಿಂಕೆಗೆ."

ನ್ಯೂಜೆರ್ಸಿಯಲ್ಲಿ ಅದು ಏಪ್ರಿಲ್ ಕೊನೆ. ಹಿಂದಿನ ಅಕ್ಟೋಬರಿನಲ್ಲಿ ಮಗಳು ಮಂಡಿಯೂರಿ ಕೂತು ಟ್ಯೂಲಿಪ್ ಗಡ್ಡೆಗಳನ್ನು ಒಂದೊಂದಾಗಿ ಹುಗಿದಿದ್ದಳಂತೆ. ಚಳಿಗಾಲವೆಲ್ಲ ಹಿಮದ ಕೆಳಗಿದ್ದು ಅವು ಮೊಗ್ಗು ಬಿಟ್ಟವು. ನಾವು ಹೋಗಿ ಇಳಿದ ವಾರ ಬಣ್ಣ ಕಾಣಿಸಿತು. ನಾಳೆ ಅರಳುತ್ತವೆ ಎಂದು ಮಲಗಿ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ಸಾಲಿಗೆ ಸಾಲೇ ಬರೀ ದಂಟು. ಕಳ್ಳ ಯಾರೆಂದು ಕೇಳುವ ಹಾಗೇ ಇರಲಿಲ್ಲ, ದಂಟೇ ಹೇಳುತ್ತಿತ್ತು. ಮೊಲ ಕಡಿದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿರುತ್ತದೆ. ಇಲ್ಲಿ ತುದಿ ಹರಿದು ನಾರು ಜೋತಿತ್ತು. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ನಮ್ಮ ಹಸುವಿನ ಹಾಗೆ ಬರೀ ಗಟ್ಟಿ ಒಸಡು. ಕೆಳಹಲ್ಲಿಗೂ ಆ ಒಸಡಿಗೂ ನಡುವೆ ಒತ್ತಿ ಹಿಡಿದು ತಲೆ ಜಗ್ಗಿ ಕೀಳಬೇಕು. ಕೊಟ್ಟಿಗೆಯಲ್ಲಿ ಬೆಳೆದವನಿಗೆ ಆ ಗುರುತು ಹೊಸದಲ್ಲ.

ಪಕ್ಕದಲ್ಲೇ ಇದ್ದ ಡ್ಯಾಫೊಡಿಲ್ ಹೂಗಳನ್ನು ಮಾತ್ರ ಮೂಸಿಯೂ ನೋಡಿದಂತಿರಲಿಲ್ಲ. ಅದರ ಗಡ್ಡೆ, ಎಲೆ ಎಲ್ಲದರಲ್ಲೂ ಲೈಕೋರಿನ್ ಎಂಬ ವಿಷವಿದೆ, ತಿಂದರೆ ವಾಂತಿ. ಜಿಂಕೆಗೆ ಅದು ಗೊತ್ತು. ಟ್ಯೂಲಿಪ್, ಹೋಸ್ಟ, ಡೇಲಿಲಿ ಮೂರೂ ಅದಕ್ಕೆ ಹಬ್ಬದೂಟ. ಮಗಳು ನೆಟ್ಟಿದ್ದು ಹೆಚ್ಚುಕಡಿಮೆ ಆ ಮೂರನ್ನೇ.

ಅಳಿಯ ಔಷಧಿ ಹೊಡೆಯುವುದನ್ನು ಕಿಟಕಿಯ ಗಾಜಿನಾಚೆಯಿಂದ ನೋಡುತ್ತಿದ್ದ ನನ್ನ ಹೆಂಡತಿ ಮಗಳ ಕಡೆ ತಿರುಗಿ ಕೇಳಿದ ಪ್ರಶ್ನೆ ಒಂದೇ: "ಮೊಟ್ಟೆ ಹೊಡೆದ ಗಿಡದ ಹೂವನ್ನ ದೇವರಿಗೆ ಏರಿಸ್ತೀಯೇನೆ?"

ಮಗಳ ಬಳಿ ಉತ್ತರ ಇರಲಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಬೇರೆ. ಹೂವನ್ನು ಉಳಿಸಲು ಅದರ ಮೇಲೆ ಕೊಳೆತ ಮೊಟ್ಟೆ ಎರಚಬೇಕು ಎಂಬುದು ಯಾವ ಪುಣ್ಯಾತ್ಮನಿಗೆ ಹೊಳೆಯಿತು? ಆರು ತಿಂಗಳ ವೀಸಾದಲ್ಲಿ ಹೋದ ಮುದುಕನಿಗೆ ಸಮಯಕ್ಕೇನು ಬರ. ಊರಿನ ಲೈಬ್ರರಿ ನಡಿಗೆಯ ದೂರದಲ್ಲಿತ್ತು.

ಮೊದಲು ಜಿಂಕೆಯ ಜಾತಕ ಸ್ವಲ್ಪ. ಈ ಬಿಳಿಬಾಲದ ಜಿಂಕೆಯನ್ನು ಮಾಂಸಕ್ಕೆ, ಚರ್ಮಕ್ಕೆಂದು ಹೊಡೆದು ಹೊಡೆದು, 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಉಳಿದದ್ದು ಐದು ಲಕ್ಷದೊಳಗೆ ಎಂದು ಅಂದಾಜು. ಅದೇ ವರ್ಷ ಲೇಸಿ ಕಾಯಿದೆ ಬಂದು, ಕದ್ದು ಹೊಡೆದ ಬೇಟೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದಕ್ಕೆ ಕಡಿವಾಣ ಬಿತ್ತು. ಪೂರ್ವದ ರಾಜ್ಯಗಳಲ್ಲಿ ತೋಳ, ಪ್ಯೂಮಾಗಳನ್ನು ಅಷ್ಟರೊಳಗೆ ಮುಗಿಸಿಯಾಗಿತ್ತು. ತಿನ್ನುವವರಿಲ್ಲ, ಹೊಡೆಯುವವರು ಕಮ್ಮಿ. ಈಗ ಲೆಕ್ಕ ಮೂರು ಕೋಟಿಯ ಆಸುಪಾಸು. ಅಷ್ಟು ಮರ, ಇಷ್ಟು ಹುಲ್ಲುಹಾಸು, ನಡುವೆ ಮನೆ, ಮನೆ ಮುಂದೆ ಗೊಬ್ಬರ ನೀರು ಉಂಡ ಹೂಗಿಡ ಎನ್ನುವ ಇಲ್ಲಿಯ ಬಡಾವಣೆ ಕಾಡಂಚಿನ ಪ್ರಾಣಿಗೆ ಹೇಳಿ ಮಾಡಿಸಿದ ಜಾಗ. ಎಂಟಡಿ ಬೇಲಿಯನ್ನೂ ಹಾರಬಲ್ಲ ಜೀವ ಅದು. ಮನೆಯ ಮುಂದೆ ಅಷ್ಟೆತ್ತರದ ಬೇಲಿ ಕಟ್ಟಲು ಬಹಳ ಕಡೆ ಊರ ಕಟ್ಟಳೆ ಬಿಡುವುದಿಲ್ಲ.

ಹಾಗಾಗಿ ಇಲ್ಲಿಯ ತೋಟಗಾರರು ಮಾಡದ ಉಪಾಯವಿಲ್ಲ. ನೈಲಾನ್ ಕಾಲುಚೀಲದಲ್ಲಿ ಕ್ಷೌರದಂಗಡಿಯ ಕೂದಲು ತುಂಬಿ ಕೊಂಬೆಗೆ ನೇತುಹಾಕುತ್ತಾರೆ ಎಂದು ಓದಿದಾಗ ನನಗೆ ನಗು ಬಂತು. ನಮ್ಮ ಕಡೆ ಹಂದಿ ಬಾರದಿರಲೆಂದು ಗದ್ದೆಯ ಅಂಚಿಗೆ ಉದುರಿಸುವುದು ಅದೇ ಕೂದಲನ್ನೇ. ಕಾಲುಚೀಲದ ಬದಲು ನಮ್ಮದು ಸುತ್ತಲೂ ಕಟ್ಟಿದ ಹಳೇ ಸೀರೆ, ನಡುವೆ ಒಬ್ಬ ಬೆರ್ಚಪ್ಪ. ಸೇಬಿನ ತೋಟದವರು ಮೈಸೋಪನ್ನು ತೂತು ಕೊರೆದು ಮರಕ್ಕೆ ಕಟ್ಟುತ್ತಿದ್ದರು. ಕನೆಕ್ಟಿಕಟ್ ರಾಜ್ಯದಲ್ಲಿ ರಾಬರ್ಟ್ ಸ್ವಿಹಾರ್ಟ್ ಮತ್ತು ಮೈಕೆಲ್ ಕೊನೊವರ್ ಆ ಸೋಪನ್ನೂ ಬಿಡದೆ ಪರೀಕ್ಷೆ ಮಾಡಿ 1990ರಲ್ಲಿ ಬರೆದರು. ಸೋಪಿಗೆ ಗುಣವಿದೆ, ಆದರೆ ಅದರ ಕಾವಲು ಸುಮಾರು ಒಂದು ಮೀಟರಿನಷ್ಟು ದೂರಕ್ಕೆ ಮಾತ್ರ. ಕೂದಲು ಒಂದು ಪರೀಕ್ಷೆಯಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

ಮೊಟ್ಟೆಯ ಕತೆ ಶುರುವಾಗುವುದು ಹೂದೋಟದ, ಜಿಂಕೆಯ ಸುದ್ದಿಯೇ ಇಲ್ಲದ ಕಡೆ.

ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ ಕೊಚೆಲ್ಲಾ ಎಂಬ ಕಣಿವೆ. ಮರುಭೂಮಿಗೆ ನೀರು ಹಾಯಿಸಿ ಖರ್ಜೂರ ಬೆಳೆದ ಜಾಗ. ಉತ್ತು ನೀರು ಬಿಟ್ಟ ಸಡಿಲ ಮಣ್ಣಿನಲ್ಲಿ ಹಿಪ್ಪೆಲೇಟಿಸ್ ಎಂಬ ಸಣ್ಣ ನುಸಿ ಲೆಕ್ಕವಿಲ್ಲದಷ್ಟು ಹುಟ್ಟುತ್ತಿತ್ತು. ಅದು ಕಚ್ಚುವುದಿಲ್ಲ. ಕಣ್ಣಂಚಿನ ನೀರು, ಗಾಯದ ರಸ ಹೀರಲು ಮುಖಕ್ಕೆ ಮುತ್ತುತ್ತದೆ, ಒಬ್ಬರಿಗೆ ಕಣ್ಣು ಬಂದರೆ ಇಡೀ ಶಾಲೆಗೆ ಹಂಚುತ್ತದೆ. ಅಫ್ಘಾನಿಸ್ತಾನದಲ್ಲಿ ಹುಟ್ಟಿ, ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಮೀರ್ ಮುಲ್ಲಾ ಈ ನುಸಿಯ ಬೆನ್ನು ಹತ್ತಿದ್ದರು. ಹೊಲವೆಲ್ಲ ವಿಷ ಸುರಿಯುವ ಬದಲು ನುಸಿಯನ್ನೇ ಒಂದು ಕಡೆ ಕರೆದು ಕೊಲ್ಲಬಹುದಲ್ಲ, ಕರೆಯಲು ಯಾವ ವಾಸನೆ ಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಹಲವು ಕೊಳೆತಗಳ ನಡುವೆ ಗೆದ್ದದ್ದು ಕೋಳಿಮೊಟ್ಟೆ. ಮೊಟ್ಟೆಯ ಪುಡಿಯನ್ನು ನೀರಿನಲ್ಲಿ ಕಲಸಿ ಹುಳಿಯಲು ಬಿಟ್ಟರೆ ನುಸಿಯೂ ಮನೆನೊಣವೂ ಮುಗಿಬಿದ್ದು ಬರುತ್ತಿದ್ದವು.

ಮುಲ್ಲಾ, ಹ್ವಾಂಗ್ ಮತ್ತು ಜೊತೆಗಾರರು ಅಷ್ಟಕ್ಕೇ ಬಿಡದೆ 1970ರ ದಶಕದಲ್ಲಿ ಆ ನಾತವನ್ನು ಬಿಡಿಸಿ ನೋಡಿದರು. ಒಣಮೀನಿನ ಅಂಗಡಿಯ ವಾಸನೆ ಕೊಡುವ ಟ್ರೈಮೀಥೈಲಮೀನ್ ಇತ್ತು. ಅಮೋನಿಯ ಇತ್ತು. ಇಂಡೋಲ್ ಇತ್ತು. ಈ ಇಂಡೋಲ್ ಹೆಸರನ್ನು ಕಂಡು ಒಂದು ಗಳಿಗೆ ಪುಸ್ತಕ ಮುಚ್ಚಿಟ್ಟೆ, ಏಕೆಂದರೆ ಅದು ಮಲಕ್ಕೂ ನಾತ ಕೊಡುತ್ತದೆ, ಮಲ್ಲಿಗೆಯ ಕಂಪಿನಲ್ಲೂ ಬೆರೆತಿರುತ್ತದೆ. ಇಂಡೋಲ್ ಇಲ್ಲದೆ ಸುಗಂಧದವರು ಮಾಡಿದ ಮಲ್ಲಿಗೆ ಅತ್ತರು ಸಪ್ಪೆ. ಎಷ್ಟು ಇದೆ, ಯಾವುದರ ಜೊತೆ ಇದೆ, ಯಾರ ಮೂಗಿನ ಮುಂದೆ ಇದೆ ಎಂಬುದರ ಮೇಲೆ ಅದು ನಾತವೋ ಕಂಪೋ ಆಗುತ್ತದೆ. ಮುಂದಿನ ಕತೆಯ ಬೀಜ ಇದರಲ್ಲೇ ಇದೆ, ಆದರೆ ನುಸಿಯ ಗಲಾಟೆಯಲ್ಲಿ ಅತ್ತ ಯಾರ ಗಮನವೂ ಹೋಗಬೇಕಾಗಿರಲಿಲ್ಲ.

ಎರಡನೆಯ ಅಂಕ ಕುರಿಯವರದು. ಅಮೆರಿಕದ ಪಶ್ಚಿಮದಲ್ಲಿ ಕುರಿಮರಿಗೆ ದೊಡ್ಡ ಶತ್ರು ಕಯೋಟಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ಬುದ್ಧಿಯಲ್ಲಿ ಇಬ್ಬರನ್ನೂ ಮಾರಿ ಬರುವಂಥದ್ದು. ಅದನ್ನು ಕೊಲ್ಲಲು ಸರ್ಕಾರವೇ ದಶಕಗಟ್ಟಲೆ ವಿಷದ ಮಾಂಸ ಎಸೆಯುತ್ತಿತ್ತು. ಆ ವಿಷ ತಿಂದು ಹದ್ದೂ ಸತ್ತಿತು, ನಾಯಿಯೂ ಸತ್ತಿತು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಜಮೀನಿನಲ್ಲಿ ಅಂಥ ವಿಷಗಳನ್ನು ನಿಲ್ಲಿಸಿ ಆದೇಶ ಹೊರಡಿಸಿದರು. ಕುರಿಯವರು ಬೊಬ್ಬೆ ಹಾಕಿದರು. ಹಾಗಾದರೆ ಕಯೋಟಿ ಎಷ್ಟಿವೆ, ಹೆಚ್ಚುತ್ತಿವೆಯೋ ಇಳಿಯುತ್ತಿವೆಯೋ ಎಂದು ಮೊದಲು ಎಣಿಸಬೇಕಲ್ಲ. ರಾತ್ರಿ ತಿರುಗುವ ಪ್ರಾಣಿಯನ್ನು ಎಣಿಸುವುದು ಹೇಗೆ?

ಆ ಕೆಲಸ ಡೆನ್ವರ್‌ನ ವನ್ಯಜೀವಿ ಸಂಶೋಧನಾ ಕೇಂದ್ರದವರ ಪಾಲಿಗೆ ಬಂತು. ಸ್ಯಾಮ್ಯುಯೆಲ್ ಲಿನ್‌ಹಾರ್ಟ್ ಮತ್ತು ಫ್ರೆಡರಿಕ್ ನೋಲ್ಟನ್ 1975ರಲ್ಲಿ ಬರೆದಿಟ್ಟ ವಿಧಾನ ನಮ್ಮ ಹಳ್ಳಿಯ ಮಕ್ಕಳಿಗೂ ಹೊಳೆಯುವಷ್ಟು ಸರಳ. ದಾರಿಯ ಪಕ್ಕ ಒಂದು ಗಜದಗಲ ಜರಡಿ ಹಿಡಿದ ನುಣುಪು ಮಣ್ಣಿನ ವೃತ್ತ. ನಡುವೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ವಾಸನೆ. ರಾತ್ರಿ ಬಂದ ಪ್ರಾಣಿ ಮೂಸಿ ಹೋಗುತ್ತದೆ, ಬೆಳಿಗ್ಗೆ ಹೆಜ್ಜೆ ಎಣಿಸಿದರಾಯಿತು. ಇಂಥ 50 ವೃತ್ತಗಳ ಸಾಲು, ಹೀಗೆ ಸಾಲಿನ ಮೇಲೆ ಸಾಲು. ಆ ಡಬ್ಬಿಯೊಳಗೆ ಇಡಲು ಅವರು ಆರಿಸಿಕೊಂಡದ್ದು ನೊಣಕ್ಕೆಂದು ತಯಾರಾಗಿದ್ದ ಹುಳಿತ ಮೊಟ್ಟೆಯನ್ನೇ. ಕಯೋಟಿಗಳಿಗೆ ಅದೆಷ್ಟು ಮೆಚ್ಚುಗೆಯಾಯಿತು ಎಂದರೆ ನೆಕ್ಕಿದವು, ಕಚ್ಚಿದವು, ಕೊರಳು ಭುಜ ಉಜ್ಜಿ ಅದರ ಮೇಲೆ ಹೊರಳಾಡಿದವು. ನಮ್ಮ ಮನೆಯ ನಾಯಿ ಸತ್ತ ಹಾವಿನ ಮೇಲೆ ಹೊರಳಿ ಬಂದು ಹೆಮ್ಮೆಯಿಂದ ಅಂಗಳದಲ್ಲಿ ನಿಲ್ಲುತ್ತಿದ್ದುದು ನೆನಪಾಯಿತು.

ಮೂರನೆಯ ಅಂಕದ ಜಾಗ ವಾಯವ್ಯದ ಮಳೆಕಾಡು. ವಾಷಿಂಗ್ಟನ್, ಓರೆಗಾನ್ ರಾಜ್ಯಗಳಲ್ಲಿ ಕಾಡು ಕಡಿದ ಮೇಲೆ ಡಗ್ಲಸ್ ಫರ್ ಸಸಿಗಳನ್ನು ನೆಡುತ್ತಾರೆ. ಅಲ್ಲಿಯ ಕರಿಬಾಲದ ಜಿಂಕೆ ಬಂದು ಸಸಿಯ ನೆತ್ತಿಯ ಕುಡಿಯನ್ನೇ ಚಿವುಟುತ್ತದೆ. ಮರವಾಗಬೇಕಾದದ್ದು ವರ್ಷ ವರ್ಷ ಪೊದೆಯಾಗಿಯೇ ಉಳಿಯುತ್ತದೆ. ಲಕ್ಷಗಟ್ಟಲೆ ಸಸಿ ನೆಟ್ಟ ಮರದ ಕಂಪನಿಗಳಿಗೆ ಇದು ಹೂವಿನ ಮಾತಲ್ಲ, ದುಡ್ಡಿನ ಮಾತು. ಥೈರಮ್ ಎಂಬ ಶಿಲೀಂಧ್ರನಾಶಕವನ್ನು ಸಸಿಗೆ ಬಳಿಯುತ್ತಿದ್ದರು, ರುಚಿ ಕೆಟ್ಟರೆ ಬಿಟ್ಟೀತು ಎಂದು. ವೇಯರ್‌ಹೌಸರ್ ಎಂಬ ಮರದ ಕಂಪನಿಯ ಸಂಶೋಧಕರು ರುಚಿಯನ್ನು ಬಿಟ್ಟು ವಾಸನೆಯ ದಾರಿ ಹಿಡಿದರು. ಓರೆಗಾನಿನ ಕಾರ್ವಾಲಿಸ್‌ನಲ್ಲಿ ನಡೆದ ವಿಚಾರಸಂಕಿರಣದ 1974ರ ಸಂಪುಟದಲ್ಲಿ ಅವರ ಹೊಸ ವಿಕರ್ಷಕಗಳ ವರದಿ ಇದೆ. ಇತ್ತ ಡೆನ್ವರ್ ಕೇಂದ್ರಕ್ಕೇ ಸೇರಿದ ಒಲಿಂಪಿಯಾ ಊರಿನ ಕ್ಷೇತ್ರಕೇಂದ್ರದಲ್ಲಿ ಡ್ಯಾನ್ ಕ್ಯಾಂಬೆಲ್ ಎಂಬವರು ಸಸಿ ತಿನ್ನುವ ಪ್ರಾಣಿಗಳ ಮೇಲೆಯೇ ಕೆಲಸ ಮಾಡುತ್ತಿದ್ದರು.

ಎಂದರೆ ಒಂದೇ ಸಂಸ್ಥೆಯ ಒಂದು ಕೊಠಡಿಯಲ್ಲಿ ಕಯೋಟಿಯನ್ನು ಕರೆಯುವ ಡಬ್ಬಿ, ಇನ್ನೊಂದು ಕೊಠಡಿಯಲ್ಲಿ ಜಿಂಕೆಯನ್ನು ಅಟ್ಟಬೇಕಾದ ಸಸಿ. ತಿನ್ನುವವನಿಗೆ ಬಾಯಲ್ಲಿ ನೀರೂರಿಸುವ ವಾಸನೆ ತಿನ್ನಿಸಿಕೊಳ್ಳುವವನಿಗೆ ಏನು ಹೇಳೀತು? ನನ್ನ ಮಟ್ಟಿಗೆ ಇಡೀ ಆವಿಷ್ಕಾರ ಇರುವುದು ಈ ಪ್ರಶ್ನೆಯಲ್ಲಿ. ಕೊಳೆತ ಮೊಟ್ಟೆ ಯಾರಿಗೆ ಗೊತ್ತಿಲ್ಲದ ಪದಾರ್ಥ? ಜಿಂಕೆ ನಾಯಿಜಾತಿಗೆ ಹೆದರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲದ ಸಂಗತಿ? ಎರಡನ್ನೂ ಒಂದೇ ಮೇಜಿನ ಮೇಲೆ ತಂದಿಟ್ಟದ್ದೇ ಹೊಸದು. ಅದನ್ನು ಯಾರೋ ಒಬ್ಬರ ಹೆಸರಿಗೆ ಖಾತೆ ಮಾಡಿಕೊಡಲು ಬರುವುದಿಲ್ಲ.

ಡೆನ್ವರ್‌ನ ರಸಾಯನಶಾಸ್ತ್ರಜ್ಞ ರೋಜರ್ ಬುಲ್ಲರ್ಡ್ ಮತ್ತು ಜೊತೆಗಾರರು 1978ರಲ್ಲಿ ಕೃಷಿ ಮತ್ತು ಆಹಾರ ರಸಾಯನದ ಪತ್ರಿಕೆಯೊಂದರಲ್ಲಿ ಬೆನ್ನುಬೆನ್ನಿಗೆ ಎರಡು ಲೇಖನ ಬರೆದರು. ಹುಳಿತ ಮೊಟ್ಟೆಯಿಂದ ಏಳುವ ಆವಿಯಲ್ಲಿ ಏನೇನಿದೆ ಎಂಬುದು ಮೊದಲನೆಯದು. ಹೆಚ್ಚಿನ ಪಾಲು ಕೊಬ್ಬಿನಾಮ್ಲಗಳು, ಜೊತೆಗೆ ಅಮೀನುಗಳು, ಗಂಧಕದ ಸಂಯುಕ್ತಗಳು. ಅವನ್ನೆಲ್ಲ ಅಂಗಡಿಯಿಂದ ತಂದ ರಾಸಾಯನಿಕಗಳಿಂದ ಮತ್ತೆ ಜೋಡಿಸಿದ ಕೃತಕ ಮೊಟ್ಟೆನಾತದ ಕತೆ ಎರಡನೆಯದು, ಕ್ಯಾಂಬೆಲ್ ಅದರ ಲೇಖಕರಲ್ಲಿ ಒಬ್ಬರು. ಆ ಲೇಖನದ ತಲೆಬರಹದಲ್ಲೇ ಕಯೋಟಿಗೆ ಆಕರ್ಷಕ, ಜಿಂಕೆಗೆ ವಿಕರ್ಷಕ ಎಂದು ಎರಡೂ ಒಟ್ಟಿಗೆ ಕೂತಿವೆ. ಕೃತಕವಾದದ್ದು ಏಕೆ ಬೇಕಾಯಿತು ಎಂದರೆ, ಕೊಳೆಸುವುದು ನಂಬುವ ಕೆಲಸವಲ್ಲ. ಇಡ್ಲಿ ಹಿಟ್ಟು ಒಂದು ದಿನ ಉಬ್ಬಿ ಇನ್ನೊಂದು ದಿನ ಕೈಕೊಡುವ ಹಾಗೆ ಒಂದು ಹಂಡೆಯ ಕೊಳೆ ಇನ್ನೊಂದರ ಹಾಗಿರುವುದಿಲ್ಲ. ಕಯೋಟಿ ಎಣಿಸುವವರಿಗೆ ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಒಂದೇ ವಾಸನೆ ಬೇಕಿತ್ತು. ಅವರು ಕ್ರಮೇಣ ಕೊಬ್ಬಿನಾಮ್ಲ ಹೀರಿಸಿದ ಬಿಲ್ಲೆಗಳಿಗೆ ಹೋದರು. ಜಿಂಕೆ ಅಟ್ಟುವವರು ಮಾತ್ರ ನಿಜವಾದ ಮೊಟ್ಟೆಯಲ್ಲೇ ಉಳಿದರು. ಕಾಡಿನ ಸಸಿಗೆಂದು ಬಂದ ಮೊಟ್ಟೆಪುಡಿಯ ಔಷಧಿ ಸೇಬಿನ ತೋಟ ಹೊಕ್ಕು, ಅಲ್ಲಿಂದ ಮನೆಯಂಗಳದ ಹೂವಿಗೆ ಬಂತು.

ಮಾರುಕಟ್ಟೆಗೆ ಬಂದದ್ದೆಲ್ಲ ಕೆಲಸ ಮಾಡುತ್ತದೆ ಎಂದೇನಿಲ್ಲವಲ್ಲ. ಕೊಲರಾಡೊದಲ್ಲಿ ವಿಲಿಯಂ ಆಂಡೆಲ್ಟ್ ಮತ್ತು ಸಂಗಡಿಗರು ಸಾಕಿದ ಮ್ಯೂಲ್ ಜಿಂಕೆಗಳ ಮುಂದೆ ಬೇರೆಬೇರೆ ಔಷಧಿ ಹೊಡೆದ ಮೇವಿಟ್ಟು 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಳಿಮೊಟ್ಟೆ, ಮೊಟ್ಟೆಪುಡಿಯ ಔಷಧಿ, ಕಯೋಟಿಯ ಮೂತ್ರ ಇವು ಮುಂದಿನ ಸಾಲಿನಲ್ಲಿ ನಿಂತವು. ಸೋಪು, ಥೈರಮ್ ಹಿಂದೆ ಬಿದ್ದವು. ಹೊಟ್ಟೆ ಹಸಿದ ಜಿಂಕೆಗಳು ಎಲ್ಲವನ್ನೂ ಲೆಕ್ಕಿಸದೆ ಸೇಬಿನ ಕಡ್ಡಿ ತಿಂದವು ಎನ್ನುವುದೂ ಅದೇ ವರದಿಯಲ್ಲಿದೆ. ಅಂಗಡಿಯ ಡಬ್ಬಿಯ ಮೇಲೆ ಈ ಮಾತು ಅಚ್ಚಾಗುವುದಿಲ್ಲ. ಮನೆಯಲ್ಲೇ ಮಾಡುವವರಿಗೆ ಕೊಲರಾಡೊದ ಕೃಷಿ ವಿಸ್ತರಣೆಯವರು ಹೇಳಿಕೊಟ್ಟ ಲೆಕ್ಕ ಇಷ್ಟೇ: ಒಂದು ಪಾಲು ಮೊಟ್ಟೆಗೆ ನಾಲ್ಕು ಪಾಲು ನೀರು. ಒಡೆದ ಮೊಟ್ಟೆಯಲ್ಲಿ ಹಳದಿಗೆ ಅಂಟಿಕೊಂಡ ಬಿಳಿ ದಾರದಂಥದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಪಂಪಿನ ಮೂತಿ ಕಟ್ಟುತ್ತದೆ. ಅಳಿಯನಿಗೆ ಇದನ್ನು ಹೇಳಿದೆ. "ಮಾವ, ಅತ್ತೆ ಇರುವಾಗ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯೋದಾ?" ಎಂದು ಕ್ಯಾನನ್ನೇ ಹಿಡಿದುಕೊಂಡ.

ಹತ್ತು ವರ್ಷದ ಮೇಲೆ, 2001ರಲ್ಲಿ, ಕಿಂಬರ್ಲಿ ವ್ಯಾಗ್ನರ್ ಮತ್ತು ಡೇಲ್ ನೋಲ್ಟೆ ಒಲಿಂಪಿಯಾದಲ್ಲಿ ಇನ್ನೂ ದೊಡ್ಡ ಪಂಕ್ತಿ ಹಾಕಿದರು. ಅಂಗಡಿಯಲ್ಲಿ ಸಿಗುವ 20 ಬಗೆಯ ಔಷಧಿ, ಕರಿಬಾಲದ ಜಿಂಕೆ, ರೆಡ್ ಸಿಡಾರ್ ಸಸಿ. ಮೆಣಸಿನ ಖಾರದವು, ಕಹಿಯವು, ಹೊಟ್ಟೆ ಕೆಡಿಸುವವು, ಹೆದರಿಸುವವು ಎಂದು ಔಷಧಿಗಳಲ್ಲೂ ಪಂಗಡ. ಗೆದ್ದದ್ದು ಹೆದರಿಸುವ ಪಂಗಡ, ಅದರಲ್ಲೂ ಗಂಧಕದ ನಾತವುಳ್ಳ ಕೊಳೆತ ಮೊಟ್ಟೆಯ ಪುಡಿ. ದೂರದಲ್ಲಿ ನೇತುಹಾಕುವುದಕ್ಕಿಂತ ಎಲೆಗೇ ಅಂಟಿಸಿದ್ದು ಮೇಲು ಎಂಬುದೂ ಸ್ಪಷ್ಟವಾಯಿತು. ಅಲ್ಲಿಗೆ ಬೆರ್ಚಪ್ಪನ ಮರ್ಯಾದೆ ಹೋಯಿತು.

ನೋಲ್ಟೆಯವರದೇ ಇನ್ನೊಂದು ಪ್ರಯೋಗ ನನಗೆ ಇವೆಲ್ಲಕ್ಕಿಂತ ಹಿಡಿಸಿತು. ಕಯೋಟಿಯ ಮೂತ್ರಕ್ಕೆ ಸಣ್ಣ ಪ್ರಾಣಿ ಹೆದರುವುದು ಕಯೋಟಿಗಾಗಿಯೋ, ಅದು ತಿಂದ ಮಾಂಸಕ್ಕಾಗಿಯೋ? ಇದನ್ನು ತಿಳಿಯಲು ಅವರು ಕೆಲವು ಕಯೋಟಿಗಳಿಗೆ ಮಾಂಸ ಹಾಕಿದರು, ಕೆಲವಕ್ಕೆ ಕರಬೂಜದ ಹಣ್ಣು. ಎರಡೂ ಬಗೆಯ ಮೂತ್ರವನ್ನು ಹಿಡಿದು ಇಲಿ, ಗಿನಿಹಂದಿ, ಬೆಟ್ಟದ ಬೀವರ್‌ಗಳ ತಿಂಡಿಯ ಬಳಿ ಇಟ್ಟರು. ಮಾಂಸ ಉಂಡ ಕಯೋಟಿಯ ಮೂತ್ರಕ್ಕೆ ಅವು ಹಿಂಜರಿದವು. ಕರಬೂಜ ಉಂಡ ಕಯೋಟಿಯದಕ್ಕೆ ಅಷ್ಟು ಕಿಮ್ಮತ್ತು ಕೊಡಲಿಲ್ಲ. 1994ರ ಆ ಲೇಖನದ ತೀರ್ಮಾನದಂತೆ ಹೆದರಿಸುವ ಗುಟ್ಟಿರುವುದು ಮಾಂಸ ಅರಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳಲ್ಲಿ. ಮೊಟ್ಟೆ ಕೊಳೆತಾಗ ಏಳುವುದೂ ಅವೇ ಕುಲದವು. ಒಂದು ತಿಂಗಳು ಹಣ್ಣು ತಿಂದು ಸಾಧುವಾದ ತೋಳವನ್ನು ಕುರಿ ನಂಬುವುದು ನೀತಿಕತೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಮೂಗಿನ ಮಟ್ಟಿಗೆ ಅದು ಹೌದಂತೆ.

ಗಂಧಕವೊಂದೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಹಾರ್ವರ್ಡ್‌ನ ಸ್ಟೀಫನ್ ಲಿಬರ್ಲೆಸ್ ತಂಡ 38 ಬಗೆಯ ಸಸ್ತನಿಗಳ ಮೂತ್ರ ಕೂಡಿಹಾಕಿ 2011ರಲ್ಲಿ ವರದಿ ಮಾಡಿತು. ಸಿಂಹ, ಹುಲಿಯಂಥ ಮಾಂಸಾಹಾರಿಗಳ ಮೂತ್ರದಲ್ಲಿ ಫೀನೈಲ್‌ಈಥೈಲಮೀನ್ ಎಂಬ ಪದಾರ್ಥ ವಿಪರೀತ, ಸಸ್ಯಾಹಾರಿಗಳಲ್ಲಿ ಅತ್ಯಲ್ಪ. ಪ್ರಯೋಗಾಲಯದಲ್ಲೇ ಹುಟ್ಟಿ, ಹುಲಿಯನ್ನು ಕನಸಿನಲ್ಲೂ ಕಾಣದ ಇಲಿಗಳು ಅದರ ಹನಿಯಿಂದ ದೂರ ಸರಿದವು. ಸ್ವೀಡನ್ನಿನವರು ರಕ್ತದ ದಾರಿ ಹಿಡಿದಿದ್ದರು. ಕಸಾಯಿಖಾನೆಯ ಒಣರಕ್ತದ ಪುಡಿಯಿಂದ ಮಾಡಿದ ಔಷಧಿಯನ್ನು ಕಾಡಿನ ಸಸಿಗೆ ಹೊಡೆಯುವುದು ಅಲ್ಲಿಂದಲೇ ಬಂದದ್ದು. ರಕ್ತಕ್ಕೆ ಆ ಲೋಹದಂಥ ವಾಸನೆ ಕೊಡುವ ಒಂದು ಅಣುವನ್ನು ಮರದ ತುಂಡಿಗೆ ಹಚ್ಚಿ ಅಲ್ಲಿಯ ಕೊಲ್ಮಾರ್ಡೆನ್ ಮೃಗಾಲಯದ ಹುಲಿಗಳಿಗೂ, ನಮ್ಮ ಬಂಡೀಪುರದಲ್ಲಿ ಓಡಾಡುವ ಜಾತಿಯವೇ ಆದ ಸೀಳುನಾಯಿಗಳಿಗೂ ಕೊಟ್ಟರು. ನಿಜವಾದ ರಕ್ತಕ್ಕೆ ಎರಗಿದಷ್ಟೇ ಆಸೆಯಿಂದ ಎರಗಿದವು. 2017ರ ಇನ್ನೊಂದು ಲೇಖನದಲ್ಲಿ ಅದೇ ಅಣುವಿಗೆ ತೋಳ ಮುಂದೆ ಬಂತು, ಇಲಿ ಹಿಂದೆ ಸರಿಯಿತು. ನಿಂತಿದ್ದ ಮನುಷ್ಯರ ಮೈಯೂ ತಮಗೇ ತಿಳಿಯದ ಹಾಗೆ ಹಿಂದಕ್ಕೆ ವಾಲಿತು. ಹಲ್ಲುಗುರು ಇಲ್ಲದ ನಾವು ಒಳಗೊಳಗೆ ಜಿಂಕೆಯ ಪಂಗಡವೇ ಇರಬೇಕು.

ಅಳಿಯನ ಔಷಧಿ ಒಣಗಿದ ಮೇಲೆ, ಮಾರನೆಯ ಬೆಳಿಗ್ಗೆ, ನಮ್ಮ ಮೂಗಿಗೆ ಏನೂ ಉಳಿದಿರಲಿಲ್ಲ. ಎಲೆಯ ಮೇಲೆ ಬಾಗಿ ಮೂಸಿದೆ, ಬರೀ ಹಸಿರು ವಾಸನೆ. ಮೂರನೆಯ ದಿನ ಸಂಜೆಗತ್ತಲಲ್ಲಿ ಎರಡು ಹೆಣ್ಣುಜಿಂಕೆ ಬಂದವು. ನಾನು ಅಡುಗೆಮನೆಯ ದೀಪ ಆರಿಸಿ ಕಿಟಕಿಯಲ್ಲಿ ನಿಂತೆ. ಮುಂದಿದ್ದುದು ಹೋಸ್ಟದ ಅಗಲ ಎಲೆಯತ್ತ ಕತ್ತು ಚಾಚಿತು. ಒದ್ದೆ ಮೂಗು ಎಲೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ತಟಸ್ಥವಾಯಿತು. ಕಿವಿಗಳೆರಡೂ ಹಿಂದೆ ಮುಂದೆ ತಿರುಗಿದವು. ಮುಂಗಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿತು. ಇಲ್ಲದ ಕಯೋಟಿಯನ್ನು ನಮ್ಮ ಗ್ಯಾರೇಜಿನ ಕಡೆ ಹುಡುಕುತ್ತಿರುವಂತೆ ಕಂಡಿತು. ಆಮೇಲೆ ಇಬ್ಬರೂ ರಸ್ತೆ ದಾಟಿ ಎದುರುಮನೆಯವರ ಹೋಸ್ಟಗಳನ್ನು ಸಾವಕಾಶವಾಗಿ ತಿಂದರು. ನನಗೆ ಸಂತೋಷವಾಯಿತು ಎಂದು ಒಪ್ಪಿಕೊಳ್ಳಲು ಈಗ ಸ್ವಲ್ಪ ನಾಚಿಕೆ.

ಈ ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ಎರಡು ವಾರ ಕಳೆದು ನೋಡಿದರೆ ನಮ್ಮ ಗಿಡಗಳಲ್ಲೂ ಕಚ್ಚಿದ ಗುರುತು. ಕೂತು ನೋಡಿದೆ. ಹೊರಗಿನ ಹಳೆಯ ಎಲೆಗಳು ಹಾಗೇ ಇದ್ದವು. ಔಷಧಿ ಹೊಡೆದ ಮೇಲೆ ನಡುವಿನಿಂದ ಸುರುಳಿ ಬಿಚ್ಚಿ ಬಂದ ಹೊಸ ಎಲೆಗಳನ್ನಷ್ಟೇ, ಹಳೆಯದಕ್ಕೆ ಮೂತಿ ತಾಗಿಸದಂತೆ, ಹೂಬುಟ್ಟಿಯಿಂದ ಒಂದು ಹೂ ಎತ್ತಿದ ಹಾಗೆ ಎಳೆದುಕೊಂಡಿದ್ದವು. ಗಿಡ ಬೆಳೆದಂತೆ, ಮಳೆ ಬಿದ್ದಂತೆ, ಮತ್ತೆ ಹೊಡೆಯುತ್ತಲೇ ಇರಬೇಕು. ಅಳಿಯ ಫೋನಿನಲ್ಲಿ ಜ್ಞಾಪನೆ ಹಾಕಿಟ್ಟುಕೊಂಡ. ಅಮೆರಿಕದ ಪರಿಸರ ಇಲಾಖೆ 1996ರಲ್ಲಿ, ಅಪಾಯ ತೀರ ಕಡಿಮೆಯಾದ್ದರಿಂದ ನೋಂದಣಿಯೇ ಬೇಡವೆಂದು ಬಿಟ್ಟ ಪದಾರ್ಥಗಳ ಪಟ್ಟಿಯಲ್ಲಿ ಲವಂಗ, ಬೆಳ್ಳುಳ್ಳಿಗಳ ಜೊತೆ ಕೊಳೆತ ಮೊಟ್ಟೆಯೂ ಒಣರಕ್ತವೂ ಇವೆ ಎಂದು ನಾನು ಓದಿ ಹೇಳಿದೆ. ಹೆಂಡತಿ ತಲೆ ಎತ್ತದೆ, "ಇಲಾಖೆಯವರು ಪೂಜೆ ಮಾಡ್ತಾರಾ?" ಎಂದಳು.

ಕಡೆಗೆ ದೇವರ ಹೂವಿನ ವ್ಯವಹಾರವನ್ನು ಅವಳೇ ಬಗೆಹರಿಸಿದಳು. ಚಳಿಗಾಲವೆಲ್ಲ ಮನೆಯೊಳಗಿದ್ದ ದಾಸವಾಳ, ದುಂಡುಮಲ್ಲಿಗೆಯ ಕುಂಡಗಳನ್ನು ಮೆಟ್ಟಿಲು ಹತ್ತಿಸಿ ಮಹಡಿಯ ಡೆಕ್ಕಿನ ಮೇಲೆ ಇಡಿಸಿದಳು. ಅಲ್ಲಿಗೆ ಜಿಂಕೆಯೂ ಬಾರದು, ಮೊಟ್ಟೆಯೂ ಬಾರದು. ಕೆಳಗಿನ ಅಂಗಳ ಅಳಿಯನದು, ಮೇಲಿನದು ದೇವರದು. ಜೂನ್ ನಡುವಿನ ಹೊತ್ತಿಗೆ ಮಲ್ಲಿಗೆ ಬಿಡಲು ಶುರುವಾಯಿತು. ಒಂದು ಸಂಜೆ ಮೊದಲ ಏಳು ಮೊಗ್ಗು ಬಿಡಿಸಿ ಬೊಗಸೆಯಲ್ಲಿಟ್ಟು, ಕಣ್ಣು ಮುಚ್ಚಿ ಮೂಸಿ, "ನೋಡ್ರೀ, ಊರಿಗೆ ಹೋಗಿ ಬಂದ ಹಾಗಾಯ್ತು" ಎಂದು ನನ್ನ ಮೂಗಿನ ಹತ್ತಿರ ಹಿಡಿದಳು. ಇಂಡೋಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಹೌದು" ಎಂದೆ.